ಇಲಿ ಬಿದ್ದ ಊರು: ಪ್ಲೇಗಿನ ಕಾಲದಲ್ಲಿ ಮನೆ ಬಿಟ್ಟವರು, ಬಿಡದವರು



ನಮ್ಮ ಚಿಕ್ಕೇರೂರು, ಹಿರೇಕೆರೂರು, ಹಾನಗಲ್ಲ ಸೀಮೆಯ ಹಿರಿಯರ ಮಾತಿನಲ್ಲಿ ‘ಇಲಿ ಬಿತ್ತು’ ಎಂಬ ನುಡಿಗೆ ಒಂದು ವಿಶೇಷವಾದ ಅರ್ಥವಿತ್ತು. ಇಲಿ ಬೋನಿಗೆ ಬಿತ್ತು ಎಂದಲ್ಲ. ಅಟ್ಟದಿಂದ, ಮಾಡಿನ ತೊಲೆಯಿಂದ, ಹಗಲು ಹೊತ್ತಿನಲ್ಲಿಯೇ ಅಮಲೇರಿದಂತೆ ತೂರಾಡುತ್ತ ಬಂದು ನಡುಮನೆಯಲ್ಲಿ ಬಿದ್ದು ಸತ್ತಿತು ಎಂದು ಅರ್ಥ. ಹಾಗೆ ಒಂದು ಇಲಿ ಬಿದ್ದರೆ ಆ ಮನೆಯವರು ಗಂಟು ಕಟ್ಟತೊಡಗುತ್ತಿದ್ದರು. ನಾಲ್ಕಾರು ಮನೆಗಳಲ್ಲಿ ಬಿದ್ದರೆ ಊರಿಗೆ ಊರೇ ಎದ್ದು ಹೊಲಗಳ ದಾರಿ ಹಿಡಿಯುತ್ತಿತ್ತು. ಪಠ್ಯಪುಸ್ತಕದಲ್ಲಿ ಪ್ಲೇಗಿಗೆ ಒಂದೆರಡು ಸಾಲು ಮೀರಿ ಜಾಗವಿಲ್ಲ. ಪುಣೆಯ ರ‍್ಯಾಂಡ್ ಕೊಲೆಯನ್ನು ಹೇಳಿ ಮುಂದಕ್ಕೆ ಹೋಗುತ್ತೇವೆ. ಸಿಲೆಬಸ್ ಮುಗಿಸುವ ಅವಸರದಲ್ಲಿ ನಾನೂ ಹಾಗೆಯೇ ಕಲಿಸುತ್ತಿದ್ದೆ. ತರಗತಿಯಲ್ಲಿ ಹೇಳಲು ಸಮಯ ಸಿಗದಿದ್ದುದನ್ನು ಇಲ್ಲಿ ಬರೆಯುತ್ತಿದ್ದೇನೆ.

ಈ ರೋಗ 1896ರ ಸೆಪ್ಟೆಂಬರಿನಲ್ಲಿ ಮುಂಬಯಿಯ ಮಾಂಡವಿ ಬಂದರಿನ ಬಳಿ ಕಾಣಿಸಿಕೊಂಡಿತು. ಅಲ್ಲಿನ ದಾಸ್ತಾನು ಮಳಿಗೆಗಳು ಧಾನ್ಯದಿಂದ ತುಂಬಿದ್ದವು, ಧಾನ್ಯವಿದ್ದಲ್ಲಿ ಇಲಿಗಳಿದ್ದವು. ಡಾ. ವೇಗಸ್ ಎಂಬ ಗೋವೆಯ ಮೂಲದ ವೈದ್ಯರು ಇದು ಗಂಟಿನ ಪ್ಲೇಗು ಎಂದು ಗುರುತಿಸಿದರು. ನೋಡನೋಡುತ್ತಲೇ ಜನ ಮುಂಬಯಿ ಬಿಟ್ಟು ಹೊರಟರು. ರೈಲುಗಳಲ್ಲಿ ಜನರ ಜೊತೆಗೆ ಅವರ ಮೂಟೆಗಳು, ಮೂಟೆಗಳ ಜೊತೆಗೆ ರೋಗವೂ ಹೊರಟಿತು. 1897ರ ಫೆಬ್ರವರಿಯಲ್ಲಿ ಸರಕಾರ ಸಾಂಕ್ರಾಮಿಕ ರೋಗಗಳ ಕಾಯಿದೆಯನ್ನು ಅವಸರವಸರವಾಗಿ ಜಾರಿಗೆ ತಂದಿತು. ಕೇವಲ ನಾಲ್ಕು ಕಲಮುಗಳ ಪುಟ್ಟ ಕಾಯಿದೆ. ಆದರೆ ಯಾರ ಮನೆಗಾದರೂ ನುಗ್ಗಿ ತಪಾಸಣೆ ಮಾಡುವ, ರೋಗಿಯನ್ನು ಆಸ್ಪತ್ರೆಗೆ ಎಳೆದೊಯ್ಯುವ, ಮನೆಯವರನ್ನು ಶಿಬಿರಕ್ಕೆ ಅಟ್ಟುವ ಅಧಿಕಾರ ಅದರ ಬಲದಿಂದಲೇ ಬಂದಿತು. ಆ ದಬ್ಬಾಳಿಕೆ ತಾಳಲಾರದೆ ಚಾಪೇಕರ ಸಹೋದರರು 1897ರ ಜೂನ್ 22ರಂದು ಪುಣೆಯಲ್ಲಿ ರ‍್ಯಾಂಡನ ಮೇಲೆ ಗುಂಡು ಹಾರಿಸಿದ್ದು ನಿಮಗೆ ಗೊತ್ತೇ ಇದೆ. ಅದೇ ವರ್ಷದ ಮಾರ್ಚಿಯಲ್ಲಿ ಸಾವಿತ್ರಿಬಾಯಿ ಫುಲೆಯವರು ಪ್ಲೇಗಿನ ರೋಗಿಗಳ ಶುಶ್ರೂಷೆ ಮಾಡುತ್ತ ತಾವೇ ಅದಕ್ಕೆ ಬಲಿಯಾದರು. ಊರು ಬಿಡಲು ಅವಕಾಶವಿದ್ದೂ ಬಿಡದೆ ನಿಂತವರು ಅವರು.

ಆಗ ನಮ್ಮದು ಮುಂಬಯಿ ಇಲಾಖೆಯ ಧಾರವಾಡ ಜಿಲ್ಲೆ. ಹಿರೇಕೆರೂರು ಕಚೇರಿಯ ಊರಾಗಿದ್ದರೂ ತಾಲೂಕಿನ ಹೆಸರು ಕೋಡ ತಾಲೂಕು. ಹುಬ್ಬಳ್ಳಿ ದಕ್ಷಿಣ ಮರಾಠಾ ರೈಲ್ವೆಯ ದೊಡ್ಡ ಜಂಕ್ಷನ್. ಅಲ್ಲಿಂದ ಹಾವೇರಿ, ಬ್ಯಾಡಗಿ, ರಾಣೇಬೆನ್ನೂರು, ಹರಿಹರದ ಮೇಲೆ ಹಾದು ಬೆಂಗಳೂರಿಗೆ ಹಳಿ. ರೋಗವೂ ಇದೇ ಹಳಿಯ ಮೇಲೆ ನಡೆಯಿತು. 1898ರಲ್ಲಿ ಹುಬ್ಬಳ್ಳಿ ತತ್ತರಿಸಿತು. ಆ ವರ್ಷದ ಆಗಸ್ಟಿನಲ್ಲಿ ಹುಬ್ಬಳ್ಳಿ ಕಡೆಯಿಂದ ರೈಲಿನಲ್ಲಿ ಬಂದವರ ಮೂಲಕ ಬೆಂಗಳೂರಿಗೂ ಮುಟ್ಟಿತು. ಬೆಂಗಳೂರು ಪೇಟೆಯಲ್ಲಿ 1891ರ ಗಣತಿಯಲ್ಲಿ 80,285 ಜನರಿದ್ದರು. 1901ರಲ್ಲಿ 69,447 ಮಾತ್ರ. ಸತ್ತವರೆಷ್ಟು, ಬಿಟ್ಟು ಹೋದವರೆಷ್ಟು ಎಂದು ಈ ಅಂಕಿಗಳಿಂದ ಬೇರ್ಪಡಿಸಲಾಗದು. ಆಗಷ್ಟೇ ರೂಪುಗೊಳ್ಳುತ್ತಿದ್ದ ಮಲ್ಲೇಶ್ವರ, ಬಸವನಗುಡಿ ಬಡಾವಣೆಗಳು ಬೇಗನೆ ತುಂಬಿಕೊಂಡದ್ದು ಹೀಗೆ ಪೇಟೆ ಬಿಟ್ಟವರಿಂದ. ನಮ್ಮ ಮಕ್ಕಳು ಈಗ ಬಾಡಿಗೆ ಕಟ್ಟಲಾಗದೆ ಒದ್ದಾಡುವ ಆ ಬಡಾವಣೆಗಳಿಗೆ ಇಲಿಗಳ ಋಣವಿದೆ ಎಂದರೆ ನಗಬೇಡಿರಿ.

ಊರು ಬಿಡುವುದು ಸರಿಯಾದ ನಿರ್ಧಾರವಾಗಿತ್ತೇ? ಇಂದಿನ ವಿಜ್ಞಾನದ ಬೆಳಕಿನಲ್ಲಿ ಹೇಳುವುದಾದರೆ, ಗಂಟಿನ ಪ್ಲೇಗಿನ ಮಟ್ಟಿಗೆ ಅದಕ್ಕಿಂತ ಸರಿಯಾದ ನಿರ್ಧಾರ ಇನ್ನೊಂದಿರಲಿಲ್ಲ. ಈ ರೋಗದ ಕ್ರಿಮಿ ಮೊದಲು ಇಲಿಗಳನ್ನು ಕೊಲ್ಲುತ್ತದೆ. ಇಲಿ ಸತ್ತು ತಣ್ಣಗಾದೊಡನೆ ಅದರ ಮೈಮೇಲಿನ ಚಿಗಟಗಳು ಬೇರೆ ಇಲಿಯನ್ನು ಹುಡುಕುತ್ತವೆ. ಇಲಿಗಳೇ ಉಳಿಯದಿದ್ದಾಗ ಮನುಷ್ಯನನ್ನು ಕಚ್ಚುತ್ತವೆ. ಆದ್ದರಿಂದ ಇಲಿ ಬೀಳತೊಡಗಿದ ಮೇಲೆ ಮನುಷ್ಯರು ಮಲಗತೊಡಗುವ ತನಕ ಕೆಲವು ದಿನಗಳ ಬಿಡುವು ಸಿಗುತ್ತಿತ್ತು. ಆ ಬಿಡುವಿನಲ್ಲಿಯೇ ಎದ್ದು ಹೋದವರು ಬದುಕಿದರು. ಫ್ರೆಂಚ್ ವೈದ್ಯ ಸಿಮಾಂಡ್ 1898ರಲ್ಲಿ ಕರಾಚಿಯಲ್ಲಿ ಪ್ರಯೋಗ ಮಾಡಿ ಚಿಗಟದ ಪಾತ್ರವನ್ನು ಕಂಡುಕೊಂಡರೂ ವಿದ್ವಾಂಸರು ನಂಬಲಿಲ್ಲ. 1905ರ ನಂತರ ಮುಂಬಯಿಯಲ್ಲಿ ಪ್ಲೇಗ್ ಸಂಶೋಧನಾ ಆಯೋಗ ಕೆಲಸ ಮಾಡಿದ ಮೇಲೆಯೇ ಅದು ಸ್ಥಿರಪಟ್ಟಿತು. ಅಷ್ಟರೊಳಗೆ ನಮ್ಮ ರೈತರು ಚಿಗಟದ ಹೆಸರನ್ನೂ ಎತ್ತದೆ, ‘ಇಲಿ ಬಿತ್ತು, ಏಳ್ರಿ’ ಎಂದು ಎದ್ದು ಹೋಗುತ್ತಿದ್ದರು.

ಈ ಅರಿವು ಎಲ್ಲರಿಗೂ ಇರಲಿಲ್ಲ. ಯು. ಆರ್. ಅನಂತಮೂರ್ತಿಯವರ ‘ಸಂಸ್ಕಾರ’ ಓದಿದವರಿಗೆ ನೆನಪಿರಬಹುದು. ಅಲ್ಲಿ ಅಗ್ರಹಾರದಲ್ಲಿ ಇಲಿಗಳು ಬೀಳುತ್ತವೆ, ಹದ್ದುಗಳು ಮಾಡಿನ ಮೇಲೆ ಕೂರುತ್ತವೆ. ಅಲ್ಲಿಯವರು ಅದನ್ನು ಸಂಸ್ಕಾರವಾಗದ ಶವದ ದೋಷವೆಂದೇ ತಿಳಿಯುತ್ತಾರೆ. ಅದೇ ಸೂಚನೆಯನ್ನು ಒಬ್ಬ ಒಕ್ಕಲಿಗ ಒಂದು ರೀತಿ ಓದಿಕೊಂಡ, ಅಗ್ರಹಾರ ಇನ್ನೊಂದು ರೀತಿ ಓದಿಕೊಂಡಿತು. ನನಗೆ ಆ ಕಾದಂಬರಿ ಇತಿಹಾಸದ ಮೇಷ್ಟರಾಗಿ ಇಷ್ಟವಾದದ್ದು ಈ ಕಾರಣಕ್ಕೆ.

ಆದರೆ ಸರಿಯಾದ ನಿರ್ಧಾರ ಎಂದ ಮಾತ್ರಕ್ಕೆ ಸುಲಭದ ನಿರ್ಧಾರ ಎಂದಲ್ಲ. ಮುಂಬಯಿಯಲ್ಲಿ ಪ್ಲೇಗು ಜೋರಾಗುತ್ತಿದ್ದುದು ಬೇಸಿಗೆಗೆ ಮುಂಚೆ. ನಮ್ಮ ಗಡಿನಾಡಿನಲ್ಲಿ ಹಾಗಲ್ಲ, ಮಳೆಗಾಲದ ತಂಪಿನಲ್ಲಿ, ಶ್ರಾವಣ ಭಾದ್ರಪದಗಳಲ್ಲಿ ಅದರ ಉಪಟಳ. ಹೊಲದಲ್ಲಿ ಪೈರು ನಿಂತಿದೆ, ಕೆಳಗೆ ಎರೆಮಣ್ಣಿನ ಕೆಸರು, ಮೇಲೆ ಜಿಟಿಜಿಟಿ ಮಳೆ. ಅಂಥಲ್ಲಿ ಹೆಂಡತಿ, ಮಕ್ಕಳು, ಬಾಣಂತಿ, ಮುದುಕರನ್ನು ಕರೆದುಕೊಂಡು ಹೋಗಿ ಬಿದಿರು, ಸೊಪ್ಪೆ, ತೆಂಗಿನ ಗರಿಗಳಿಂದ ಗುಡಿಸಲು ಹಾಕಬೇಕು. ಒಲೆ ಹೊತ್ತದು. ದನ ಕಟ್ಟಲು ಜಾಗವಿಲ್ಲ. ಪ್ಲೇಗು ಕೊಲ್ಲದವರನ್ನು ನೆಗಡಿ, ಚಳಿಜ್ವರ, ವಾಂತಿಭೇದಿ ಕೊಲ್ಲಬಹುದಿತ್ತು. ಇತ್ತ ಬಿಟ್ಟುಬಂದ ಮನೆಯಲ್ಲಿ ಹಗೇವು ತುಂಬ ಜೋಳ, ಕಣಜದಲ್ಲಿ ಬತ್ತ, ಜಗುಲಿಯ ಮೇಲೆ ದೇವರು. ಕಳ್ಳರಿಗೆ ಪ್ಲೇಗಿನ ಹೆದರಿಕೆ ಕಡಿಮೆ. ಸರಕಾರದವರು ಬಂದು ಮನೆಯ ಹೆಂಚು ತೆಗೆಸಿ ಒಳಗೆ ಬಿಸಿಲು ಬೀಳಿಸುತ್ತಿದ್ದರು, ಔಷಧದ ನೀರು ಹೊಯ್ಯಿಸುತ್ತಿದ್ದರು, ಸುಣ್ಣ ಬಳಿಸುತ್ತಿದ್ದರು. ಮಳೆಗಾಲದಲ್ಲಿ ಹೆಂಚು ತೆಗೆದ ಮಣ್ಣಿನ ಮನೆ ಏನಾಗುತ್ತದೆ ಎಂಬುದನ್ನು ನಮ್ಮ ಕಡೆಯವರಿಗೆ ನಾನು ಬಿಡಿಸಿ ಹೇಳಬೇಕಿಲ್ಲ.

ಇನ್ನು ಹೊಲವೇ ಇಲ್ಲದವರು? ನಮ್ಮ ಹಿರಿಯರು ಪ್ಲೇಗಿನ ಕಥೆ ಹೇಳುವಾಗ ‘ಊರೆಲ್ಲಾ ಹೊಲಕ್ಕ ಹೋತು’ ಎನ್ನುತ್ತಿದ್ದರು. ಆ ‘ಎಲ್ಲಾ’ ಎಂಬುದರೊಳಗೆ ಯಾರು ಯಾರಿದ್ದರು ಎಂದು ಕೇಳಿದರೆ ಉತ್ತರ ತೊಡರುತ್ತದೆ. ಹೊಲವಿದ್ದವನು ತನ್ನ ಹೊಲದಲ್ಲಿ ಗುಡಿಸಲು ಹಾಕಿದ. ಕೂಲಿಯವನು ಯಾರ ಬದುವಿನ ಮೇಲೆ ಹಾಕಬೇಕು? ತುಮ್ಮಿನಕಟ್ಟಿಯಂಥ ನೇಕಾರರ ಊರಿನಲ್ಲಿ ಕುಣಿಮಗ್ಗ ನೆಲದಲ್ಲಿ ಹೂತಿರುತ್ತದೆ. ಅದನ್ನು ಕಿತ್ತು ಬಂಡಿಯಲ್ಲಿ ಹೇರಲಾಗದು. ಮಗ್ಗ ನಿಂತರೆ ಆ ವಾರದ ಗಂಜಿಯೂ ನಿಂತಂತೆ. ಅಂಥವರು ಮನೆಯಲ್ಲಿ ಉಳಿದರೆ ಅದನ್ನು ಮೂಢತನವೆನ್ನಲು ನನ್ನ ಮನಸ್ಸು ಒಪ್ಪುವುದಿಲ್ಲ. ಸರಕಾರದ ವರದಿಗಳು ಮಾತ್ರ ಹಾಗೆಯೇ ಎನ್ನುತ್ತಿದ್ದವು: ಅಜ್ಞಾನಿಗಳು, ಹಟಮಾರಿಗಳು.

ಊರು ಬಿಡದೆಯೇ ಉಳಿಯುವ ಇನ್ನೊಂದು ದಾರಿಯೂ ಇತ್ತು, ಸೂಜಿಮದ್ದು. ಹಾಫ್‌ಕಿನ್ ಎಂಬ ವಿಜ್ಞಾನಿ ಮುಂಬಯಿಯಲ್ಲಿ ಪ್ಲೇಗಿನ ಲಸಿಕೆ ತಯಾರಿಸಿ 1897ರ ಜನವರಿಯಲ್ಲಿ ಮೊದಲು ತನಗೇ ಚುಚ್ಚಿಕೊಂಡ. ಅದನ್ನು ದೊಡ್ಡ ಪ್ರಮಾಣದಲ್ಲಿ ಪ್ರಯೋಗಿಸಿದ ಊರುಗಳಲ್ಲಿ ನಮ್ಮ ಹುಬ್ಬಳ್ಳಿ ಮುಖ್ಯವಾದದ್ದು. 1898ರಲ್ಲಿ ಲ್ಯೂಮನ್ ಎಂಬ ವೈದ್ಯಾಧಿಕಾರಿಯ ನೇತೃತ್ವದಲ್ಲಿ ಅಲ್ಲಿ ಸಾವಿರಾರು ಜನ ಸೂಜಿ ಹಾಕಿಸಿಕೊಂಡರು. ಜಗತ್ತಿನ ವೈದ್ಯಪತ್ರಿಕೆಗಳಲ್ಲಿ ಹುಬ್ಬಳ್ಳಿಯ ಹೆಸರು ಬಂದದ್ದು ಹೀಗೆ. ಹಾಕಿಸಿಕೊಂಡವರಲ್ಲಿ ಸಾವು ಗಣನೀಯವಾಗಿ ಕಡಿಮೆಯಾಯಿತು. ಆದರೆ ಸೂಜಿಯಿಂದ ಒಂದೆರಡು ದಿನ ಜ್ವರ ಬರುತ್ತಿತ್ತು, ತೋಳು ಬಾಯುತ್ತಿತ್ತು. ದಿನಗೂಲಿಯವನಿಗೆ ಅದೂ ನಷ್ಟವೇ. 1902ರಲ್ಲಿ ಪಂಜಾಬಿನ ಮುಲ್ಕೋವಾಲ್ ಎಂಬ ಹಳ್ಳಿಯಲ್ಲಿ ಒಂದೇ ಶೀಶೆಯ ಮದ್ದು ಹಾಕಿಸಿಕೊಂಡ 19 ಜನ ಧನುರ್ವಾಯುವಿನಿಂದ ಸತ್ತರು. ತಪ್ಪು ಹಾಫ್‌ಕಿನ್ನನದಲ್ಲವೆಂದು ತೀರ್ಮಾನವಾಗಲು 1907 ಬರಬೇಕಾಯಿತು. ಅದೇ ವರ್ಷ ಹಿಂದುಸ್ತಾನದಲ್ಲಿ ಪ್ಲೇಗಿನಿಂದ ಸತ್ತವರು ಸುಮಾರು 13 ಲಕ್ಷ. 1918ರ ಹೊತ್ತಿಗೆ ಒಟ್ಟು ಲೆಕ್ಕ 1 ಕೋಟಿ ಮುಟ್ಟಿತ್ತು. ನಮ್ಮ ಧಾರವಾಡ ಜಿಲ್ಲೆಯ ಜನಸಂಖ್ಯೆ 1901ರಲ್ಲಿ 11 ಲಕ್ಷ ದಾಟಿದ್ದುದು 1911ರ ಗಣತಿಯಲ್ಲಿ ಕೆಳಗಿಳಿದಿತ್ತು.

ಇಷ್ಟು ಪುಸ್ತಕದ ಮಾತು. ಇನ್ನು ನನ್ನ ಅಜ್ಜಿಯ ಮಾತು. ತಂದೆಯ ತಾಯಿಯಾದ ಆಕೆಯ ತವರು ತಿಳವಳ್ಳಿಯ ಕಡೆಯ ಒಂದು ಸಣ್ಣ ಹಳ್ಳಿ. ಆಕೆಗೆ ಒಂಬತ್ತೋ ಹತ್ತೋ ವರ್ಷವಿದ್ದಾಗ ಆ ಊರಿಗೆ ಮತ್ತೊಮ್ಮೆ ‘ಪಿಲೇಗು’ ಬಂತು. ಅಡಿಗೆಮನೆಯಲ್ಲಿ ಎರಡು ಇಲಿ ಬಿದ್ದವು. ಆಕೆಯ ತಂದೆ ಅಂದೇ ಬಂಡಿ ಹೂಡಲು ಹೇಳಿದರು. ಆದರೆ ಮನೆಯ ಹಿರಿಯಳು, ಎಂದರೆ ನನ್ನ ಅಜ್ಜಿಯ ಅಜ್ಜಿ, ಹೊಸ್ತಿಲು ದಾಟಲು ಒಪ್ಪಲಿಲ್ಲ.

“ನಾ ಈ ಮನಿಗೆ ಸೇರಕ್ಕಿ ಒದ್ದು ಬಂದಾಕಿ. ಹೋಗೋದಾದ್ರ ಹೆಗಲ ಮ್ಯಾಲ ಹೋಗ್ತೀನಿ. ಜಗಲಿ ಮ್ಯಾಲಿನ ದೇವರಿಗೆ ದೀಪ ಹಚ್ಚೋರ್ಯಾರು? ನೀವು ಹುಡುಗರನ್ನ ಕರಕೊಂಡು ನಡೀರಿ,” ಎಂದಳಂತೆ.

“ಯವ್ವಾ, ನೀ ಬರದಿದ್ರ ಊರಾಗ ಮಂದಿ ನನ್ನ ಮುಖಕ್ಕ ಉಗೀತಾರ,” ಎಂದು ಮಗ ಕಾಲು ಹಿಡಿದರೂ ಆಗಲಿಲ್ಲ. ಮೂರು ದಿನ ಈ ಜಗ್ಗಾಟದಲ್ಲಿಯೇ ಕಳೆಯಿತು. ನಾಲ್ಕನೆಯ ದಿನ ಓಣಿಯ ಕೊನೆಯ ಮನೆಯಲ್ಲಿ ಒಬ್ಬನಿಗೆ ತೊಡೆಸಂದಿಯಲ್ಲಿ ಗಂಟೆದ್ದಿತು. ಆ ಸಂಜೆಯೇ ಮುದುಕಿಯನ್ನು ಬಿಟ್ಟು ಉಳಿದವರು ಹೊಲಕ್ಕೆ ಹೋದರು. ಮದುವೆ ನಿಶ್ಚಯವಾಗಿದ್ದ ಕಿರಿಯ ಚಿಕ್ಕಪ್ಪ ಮಾತ್ರ ದಿನಾಲು ಬೆಳಗಿನಲ್ಲಿ ಊರೊಳಕ್ಕೆ ಹೋಗಿ, ತಾಯಿಗೆ ನೀರು ತುಂಬಿಟ್ಟು, ಹೊಲದವರಿಗೆ ಬೇಕಾದ ಜೋಳ, ಅಕ್ಕಿಯನ್ನು ಚೀಲದಲ್ಲಿ ತುಂಬಿಕೊಂಡು ಹೆಗಲ ಮೇಲೆ ಹೊತ್ತು ತರುತ್ತಿದ್ದ.

ಮುದುಕಿಗೆ ಏನೂ ಆಗಲಿಲ್ಲ. ಸತ್ತದ್ದು ಆ ಚಿಕ್ಕಪ್ಪ.

ಚೀಲ ಹೊರುವವನ ಹೆಗಲಿಗೂ ಧಾನ್ಯದ ಚೀಲದಲ್ಲಿ ಅಡಗುವ ಚಿಗಟಕ್ಕೂ ಇರುವ ಸಂಬಂಧವನ್ನು ನಾನು ಬಿ.ಇಡಿ. ಮುಗಿಸಿ ಮೇಷ್ಟರಾದ ಮೇಲೆ ಅಜ್ಜಿಗೆ ವಿವರಿಸಿದ್ದುಂಟು. ಆಕೆ ಪೂರ್ತಿ ಕೇಳಿಸಿಕೊಂಡು, “ಹಂಗಾದ್ರ ನಾವು ಉಂಡ ಅಕ್ಕಿನ ಅವನ್ನ ತಿಂತೇನಪಾ?” ಎಂದಳು. ಆ ಪ್ರಶ್ನೆಗೆ ನಾನು ಉತ್ತರ ಕೊಡಲಿಲ್ಲ. ತಾಯಿಯ ಹಟದಿಂದ ಮಗ ಸತ್ತ ಎಂದು ಆ ಮನೆತನದವರು ಬಹಳ ಕಾಲ ಹೇಳುತ್ತಿದ್ದರು. ಹೊಲದಲ್ಲಿದ್ದ ಹತ್ತು ಹೊಟ್ಟೆಗಳಿಗೆ ಅನ್ನ ಬೇಕಿತ್ತು; ಮುದುಕಿ ಬಂಡಿ ಹತ್ತಿದ್ದರೂ ಹಗೇವಿನ ಬಾಯಿ ತೆರೆಯಲು ಯಾರಾದರೊಬ್ಬರು ಊರೊಳಕ್ಕೆ ಹೋಗಲೇಬೇಕಿತ್ತು ಎಂಬುದು ನನ್ನ ಅಭಿಪ್ರಾಯ.

ಈ ರೋಗದ ಪಾಠವನ್ನು ಎಲ್ಲ ರೋಗಕ್ಕೂ ಅನ್ವಯಿಸುವಂತಿಲ್ಲ. 1918ರ ಇನ್‌ಫ್ಲುಯೆಂಜಾ ಉಸಿರಿನಿಂದ ಹರಡಿತು. ಹೊಲಕ್ಕೆ ಹೋದರೂ ಅದು ಹಿಂದೆಯೇ ಬಂತು. 1994ರ ಸೆಪ್ಟೆಂಬರಿನಲ್ಲಿ ಸೂರತ್ತಿನಲ್ಲಿ ಪ್ಲೇಗಿನ ಸುದ್ದಿ ಹಬ್ಬಿದಾಗ ಲಕ್ಷಾಂತರ ಜನ ರೈಲು ಹತ್ತಿ ಓಡಿದರು. ಅದು ಪುಪ್ಪುಸದ ಪ್ಲೇಗು, ಮನುಷ್ಯನಿಂದ ಮನುಷ್ಯನಿಗೆ ನೇರವಾಗಿ ಹರಡುವಂಥದು. ಅಲ್ಲಿ ಓಡಿದವನೇ ರೋಗದ ಬಂಡಿಯಾಗುತ್ತಾನೆ. ದೈವವಶಾತ್ ಆ ಸಲ ಔಷಧಗಳಿದ್ದವು, ದೊಡ್ಡ ಅನಾಹುತವಾಗಲಿಲ್ಲ. 2020ರ ಮಾರ್ಚಿಯಲ್ಲಿ ಅದೇ 1897ರ ಕಾಯಿದೆಯನ್ನು ಮತ್ತೆ ಹೊರಗೆ ತೆಗೆದು ನಮಗೆ ಕೊಟ್ಟ ಆಜ್ಞೆ ಅದಕ್ಕೆ ನೇರ ವಿರುದ್ಧವಾದದ್ದು: ಮನೆ ಬಿಟ್ಟು ಹೊರಬರಬೇಡಿ. ಆಗಲೂ ಬೆಂಗಳೂರಿನಿಂದ ನಮ್ಮ ಹುಡುಗರು ಬೈಕಿನಲ್ಲಿ, ಲಾರಿಯಲ್ಲಿ ಊರಿಗೆ ಬಂದರು. ನಿಮ್ಮಲ್ಲಿ ಕೆಲವರೂ ಅವರಲ್ಲಿದ್ದಿರಿ. ಊರ ಹೊರಗಿನ ಶಾಲೆಯಲ್ಲಿ, ತೋಟದ ಮನೆಯಲ್ಲಿ ಹದಿನಾಲ್ಕು ದಿನ ಕಳೆದು ಒಳಗೆ ಬಂದಿರಿ.

ಹಾವೇರಿಯಿಂದ ದಾವಣಗೆರೆ, ಚಿತ್ರದುರ್ಗದ ಕಡೆಯವರೆಗೆ ಕೆಲವು ಹಳ್ಳಿಗಳಲ್ಲಿ ‘ಹೊರಬೀಡು’ ಎಂಬ ಆಚರಣೆ ಇದೆ. ಗೊತ್ತಾದ ದಿನ ಬೆಳಗಿನಲ್ಲಿಯೇ ಮನೆಗಳಿಗೆ ಬೀಗ ಹಾಕಿ, ದನಕರು ಸಮೇತ ಊರು ಬಿಟ್ಟು, ಹೊಲದಲ್ಲಿ ಅಡಿಗೆ ಮಾಡಿ ಉಂಡು, ಸಂಜೆ ದೇವಿಗೆ ಪೂಜೆ ಸಲ್ಲಿಸಿ ಮರಳುತ್ತಾರೆ. ಇದು ಗ್ರಾಮದೇವತೆಯ ಹಳೆಯ ಆರಾಧನೆ. ಪ್ಲೇಗಿನಿಂದಲೇ ಹುಟ್ಟಿತೆಂದು ನಾನು ವಾದಿಸುವುದಿಲ್ಲ. ಆದರೆ ಇಡೀ ಊರು ಒಟ್ಟಿಗೆ ಬೀಗ ಹಾಕಿ ಹೊರಡುವ ರೂಢಿ ಮೊದಲೇ ಇದ್ದ ಜನಕ್ಕೆ, ಮಾಮಲೇದಾರನ ಹುಕುಮು ಬರುವ ಮುನ್ನವೇ ಎದ್ದು ಹೋಗುವುದು ಅಷ್ಟು ಕಷ್ಟವಾಗಿರಲಿಕ್ಕಿಲ್ಲ. ಪುಣೆಯಲ್ಲಿ ಸೋಲ್ಜರರು ಮನೆ ಹೊಕ್ಕು ಜನರನ್ನು ಎಳೆದರು. ಶ್ರೀರಂಗಪಟ್ಟಣದ ಗಂಜಾಮಿನಲ್ಲಿ 1898ರ ನವೆಂಬರಿನಲ್ಲಿ ದಂಗೆಯೇ ಆಗಿ ಗುಂಡು ಹಾರಿತು. ನಮ್ಮ ಹಳ್ಳಿಗಳಲ್ಲಿ ಗೌಡ, ಕುಲಕರ್ಣಿ, ದೈವದವರು ಗುಡಿಯ ಕಟ್ಟೆಯ ಮೇಲೆ ಕೂತು ‘ನಾಳೆ ಏಳೂದು’ ಎಂದರೆ ಮುಗಿಯಿತು, ಎದ್ದರು.

ಅಜ್ಜಿಯ ತವರಿನ ಆ ಹೊಲ ಈಗ ಪಾಲಾಗಿ ಮೂರು ಮನೆಗಳಿಗೆ ಹೋಗಿದೆ. ಗುಡಿಸಲು ಹಾಕಿದ್ದ ತುಂಡನ್ನು ಅವರು ಇಂದಿಗೂ ‘ಪಿಲೇಗಿನ ಪಟ್ಟಿ’ ಎನ್ನುತ್ತಾರೆ. ಉತಾರಿಯಲ್ಲಿ ಮಾತ್ರ ಸರ್ವೆ ನಂಬರು ಇದೆ. ಹೋದ ವರ್ಷ ನಾನು ಹೋದಾಗ ಅಲ್ಲಿ ಗೋವಿನಜೋಳ ಎದೆಯುದ್ದ ನಿಂತಿತ್ತು. ಹೆಸರು ಹಾಗೇಕೆ ಬಂತೆಂದು ಕೇಳಿದೆ. ಹೊಲದ ಹುಡುಗ, “ಗೊತ್ತಿಲ್ರೀ ಸರ್, ಅಜ್ಜಾರು ಹಂಗ ಅಂತಿದ್ರು,” ಎಂದ.