ಬೆಂಕಿಗೆ ಜಾಗ ಯಾವುದು?

ಚಳಿಗಾಲದ ಸಂಜೆ ಹಿತ್ತಲಿನಲ್ಲಿ ಬೆಂಕಿ ಹಾಕಿ ಸುತ್ತ ಕೂರುವುದು ನಮ್ಮ ಹಳ್ಳಿಗರಿಗೆ ಹೊಸದಲ್ಲ. ಈಗ ಪಟ್ಟಣದ ಮನೆಗಳ ಹಿತ್ತಲಿಗೂ ಅಗ್ಗಿಷ್ಟಿಕೆ ಬಂದಿದೆ. ಕಬ್ಬಿಣದ ಬೋಗುಣಿಯೇ, ಇಟ್ಟಿಗೆಯ ಕಟ್ಟೆಯೇ, ನೆಲದಲ್ಲಿ ತೋಡಿದ ಗುಂಡಿಯೇ ಎಂದು ಜನ ಯೋಚಿಸುತ್ತಾರೆ. ಆದರೆ ಅದಕ್ಕೂ ಮೊದಲು ಕೇಳಬೇಕಾದ ಪ್ರಶ್ನೆಯೊಂದಿದೆ: ಬೆಂಕಿಯನ್ನು ಎಲ್ಲಿ ಇಡಬೇಕು? ಇದು ಬಹಳ ಹಳೆಯ ಪ್ರಶ್ನೆ. ಇದಕ್ಕೆ ಸುಮಾರು 1,70,000 ವರ್ಷಗಳಷ್ಟು ಹಳೆಯ ಉತ್ತರವೊಂದು ಫ್ರಾನ್ಸ್ ದೇಶದ ಗುಹೆಯಲ್ಲಿ ದೊರೆತಿದೆ.

ಆ ದೇಶದ ದಕ್ಷಿಣ ಕರಾವಳಿಯ ನೀಸ್ ನಗರದಲ್ಲಿರುವ ಲಜಾರೆ ಗುಹೆಯಲ್ಲಿ ಹಲವು ದಶಕಗಳ ಕಾಲ ಉತ್ಖನನ ನಡೆಯಿತು. ನಿಯಾಂಡರ್ತಾಲ್ ವಂಶದ ಪೂರ್ವಿಕರೆಂದು ತಜ್ಞರು ಹೇಳುವ ಬೇಟೆಗಾರರು ಅಲ್ಲಿ ವಾಸವಾಗಿದ್ದರು. ಅವರ ಒಲೆಯ ಬೂದಿ, ಸುಟ್ಟ ಮೂಳೆಗಳು ಮಣ್ಣಿನ ಪದರಗಳಲ್ಲಿ ಉಳಿದಿದ್ದವು. ಇಸ್ರೇಲಿನ ಟೆಲ್ ಅವೀವ್ ವಿಶ್ವವಿದ್ಯಾಲಯದ ಯಾಫಿಟ್ ಕೇದಾರ್, ರಾನ್ ಬಾರ್ಕಾಯ್ ಮತ್ತು ಸಂಗಡಿಗರು ಈ ಗುಹೆಯನ್ನು ಕಂಪ್ಯೂಟರಿನಲ್ಲಿ ಮರುರೂಪಿಸಿ, 16 ಬೇರೆ ಬೇರೆ ಜಾಗಗಳಲ್ಲಿ ಬೆಂಕಿ ಹಚ್ಚಿದರೆ ಹೊಗೆ ಹೇಗೆ ಹರಡುತ್ತದೆಂದು ಲೆಕ್ಕ ಹಾಕಿದರು. 2022ರಲ್ಲಿ ಫಲಿತಾಂಶ ಪ್ರಕಟವಾಯಿತು.

ಫಲಿತಾಂಶ ಕುತೂಹಲಕರವಾಗಿದೆ. ಗುಹೆಯ ಹಿಂಬದಿಯಲ್ಲಿ ಬೆಂಕಿ ಇಟ್ಟರೆ ಒಟ್ಟಾರೆ ಹೊಗೆ ಅತ್ಯಂತ ಕಡಿಮೆ. ಹಾಗಾದರೆ ಅದೇ ಒಳ್ಳೆಯ ಜಾಗವೆಂದು ನೀವು ಹೇಳಬಹುದು. ಆದರೆ ಆಗ ಹೊಗೆಯಿಲ್ಲದ ಸ್ಥಳವು ಬೆಂಕಿಯಿಂದ ದೂರ ಉಳಿಯುತ್ತದೆ. ಬೆಂಕಿಯ ಹತ್ತಿರ ಕುಳಿತು ಮಾಂಸ ಬೇಯಿಸಬೇಕು, ಕಲ್ಲಿನ ಆಯುಧ ಕೆತ್ತಬೇಕು, ಮಲಗಬೇಕು, ಹೊಗೆಯೂ ಕಾಡಬಾರದು. ಇವೆಲ್ಲಕ್ಕೂ ಒದಗುವ ಜಾಗ ಇಡೀ ಗುಹೆಯಲ್ಲಿ ಸುಮಾರು 5 ಮೀಟರ್ ಉದ್ದ, 5 ಮೀಟರ್ ಅಗಲದ ಒಂದೇ ಒಂದು ಭಾಗ. ಉತ್ಖನನದಲ್ಲಿ ಸಿಕ್ಕಿದ ಒಲೆ ಇದ್ದದ್ದು ಅಲ್ಲಿಯೇ! ಸಂವೇದಕಗಳಾಗಲಿ ಸೂತ್ರಗಳಾಗಲಿ ಅವರ ಬಳಿ ಇರಲಿಲ್ಲ. ಕಣ್ಣು ಉರಿದರೆ ಬೆಂಕಿಯನ್ನು ಸರಿಸಿದರು, ಅಷ್ಟೇ. ಜಾಗ ಆರಿಸಿದವರೇ ಅದರ ಪಕ್ಕ ಕೂರುವವರೂ ಆಗಿದ್ದರು ಎಂಬುದನ್ನು ಮರೆಯಬಾರದು.

ಮನೆ ಕಟ್ಟಲು ಕಲಿತ ಮೇಲೆ ಪರಿಸ್ಥಿತಿ ಬದಲಾಯಿತು. ಮಧ್ಯಯುಗದ ಯುರೋಪಿನಲ್ಲಿ ದೊರೆಗಳ ಹಜಾರದಲ್ಲೂ ನಟ್ಟನಡುವೆ ಬೆಂಕಿ ಉರಿಯುತ್ತಿತ್ತು. ಹೊಗೆ ಸೂರಿನ ಕಂಡಿಯಿಂದ ಹೊರಹೋಗಬೇಕಿತ್ತು. ಗೋಡೆಗೆ ಸೇರಿದ ಚಿಮಣಿ ಅಲ್ಲಿನ ಕೋಟೆಗಳಲ್ಲಿ ಬಳಕೆಗೆ ಬಂದದ್ದು 12ನೆಯ ಶತಮಾನದ ಸುಮಾರಿಗೆ. ನಮ್ಮಲ್ಲಿ ಸ್ನಾನದ ಹಂಡೆಯ ಒಲೆ ಹಿತ್ತಲ ಕಡೆಗೆ ಹೋಯಿತು, ಅಡಿಗೆಯ ಒಲೆ ಮಾತ್ರ ಒಳಗೇ ಉಳಿಯಿತು. ಹೊಗೆಯಿಂದ ಉಪಯೋಗವೂ ಇತ್ತು: ಅಟ್ಟದ ಸೌದೆ ಒಣಗುತ್ತಿತ್ತು, ಸೋಗೆಯ ಸೂರಿಗೆ ಹುಳು ಹತ್ತುತ್ತಿರಲಿಲ್ಲ. ಆದರೆ ಸೂರು ಉಳಿಸಿದ ಆ ಹೊಗೆಯನ್ನೇ ದಿನಕ್ಕೆ ಹಲವು ಗಂಟೆ ಉಸಿರಾಡಿದವರು ಹೆಂಗಸರು ಮತ್ತು ಅವರ ಮಡಿಲಿನ ಮಕ್ಕಳು. ಒಲೆಯ ಜಾಗವನ್ನು ನಿರ್ಧರಿಸಿದವರು ಮಾತ್ರ ಸಾಮಾನ್ಯವಾಗಿ ಮನೆ ಕಟ್ಟಿಸಿದ ಗಂಡಸರು. ಹೆಂಚಿನ ಸಂದಿಯಿಂದ ಇಳಿದ ಬಿಸಿಲುಕೋಲು ಹೊಗೆಯಲ್ಲಿ ಹೊಳೆಯುವ ದೃಶ್ಯವೆಂದರೆ ನಮ್ಮಂಥ ಕ್ಯಾಮೆರಾದವರಿಗೆ ಬಲು ಇಷ್ಟ. ಒಲೆ ಊದುವವರ ಕಣ್ಣಿನಿಂದ ಅದನ್ನು ನೋಡಿದವರು ವಿರಳ.

ನೋಡಿದವರೂ ಇದ್ದರು. ಹೈದರಾಬಾದಿನಲ್ಲಿ ಎಂಜಿನಿಯರ್ ಎಸ್. ಪಿ. ರಾಜು ಅವರು ಸ್ವಾತಂತ್ರ್ಯದ ಆರಂಭದ ವರ್ಷಗಳಲ್ಲೇ ಚಿಮಣಿಯುಳ್ಳ ಮಣ್ಣಿನ ಒಲೆಯನ್ನು ರೂಪಿಸಿದರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಪ್ರೊ. ಅಮೂಲ್ಯ ರೆಡ್ಡಿ ಅವರ ಮುಂದಾಳತ್ವದಲ್ಲಿ 'ಅಸ್ತ್ರ' ಎಂಬ ಗ್ರಾಮೀಣ ತಂತ್ರಜ್ಞಾನ ಕೇಂದ್ರ ಆರಂಭವಾಯಿತು. ತುಮಕೂರು ಜಿಲ್ಲೆಯ ಉಂಗ್ರ ಅದರ ಪ್ರಯೋಗಭೂಮಿ. ಅಲ್ಲಿಂದ ಬಂದದ್ದೇ ಮೂರು ಪಾತ್ರೆ ಹಿಡಿಸುವ ಅಸ್ತ್ರ ಒಲೆ. ಮೂರು ಕಲ್ಲಿನ ಒಲೆಯಲ್ಲಿ ಸೌದೆಯ ಶಾಖದ ಹತ್ತರಲ್ಲಿ ಒಂದೆರಡು ಪಾಲು ಮಾತ್ರ ಪಾತ್ರೆಗೆ ಸೇರುತ್ತದೆ. ಅಸ್ತ್ರ ಒಲೆಯಲ್ಲಿ, ಪ್ರಯೋಗಾಲಯದ ಅಳತೆಯಂತೆ, ನಾಲ್ಕು ಪಾಲು. ಸೌದೆಯ ಕೆಳಗೆ ಜಾಲರಿ ಇಟ್ಟು ಅಡಿಯಿಂದ ಗಾಳಿ ಬಿಟ್ಟದ್ದು ಇದಕ್ಕೆ ಒಂದು ಕಾರಣ. ಹೊಗೆಯೆಂದರೆ ಪೂರ್ತಿ ಉರಿಯದ ಸೌದೆಯೇ ತಾನೆ?

ಕೇಂದ್ರ ಸರ್ಕಾರವು 1980ರ ದಶಕದಲ್ಲಿ ಸುಧಾರಿತ ಒಲೆಗಳ ರಾಷ್ಟ್ರೀಯ ಕಾರ್ಯಕ್ರಮವನ್ನು ಕೈಗೊಂಡು 2002ರಲ್ಲಿ ಮುಗಿಸಿತು. ಕಟ್ಟಿದ ಒಲೆಗಳಲ್ಲಿ ಎಷ್ಟೋ ಬಿರುಕು ಬಿಟ್ಟವು, ಚಿಮಣಿಗಳು ಮಸಿಯಿಂದ ಮುಚ್ಚಿಹೋದವು. ಎಷ್ಟು ಒಲೆ ಕಟ್ಟಿದೆವು ಎಂಬ ಲೆಕ್ಕಕ್ಕೆ ದೊರೆತ ಗಮನ, ಅಡಿಗೆ ಮಾಡುವವರ ಮಾತಿಗೆ ದೊರೆಯಲಿಲ್ಲವೆಂಬುದು ನನ್ನ ಅಭಿಪ್ರಾಯ. 2020ರಲ್ಲಿ ಜಗತ್ತಿನ ಸುಮಾರು 32 ಲಕ್ಷ ಜನ ಮನೆಯೊಳಗಿನ ಇಂಥ ಹೊಗೆಯಿಂದ ಸತ್ತರೆಂದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು.

ಇನ್ನು ಹಿತ್ತಲಿನ ಅಗ್ಗಿಷ್ಟಿಕೆಯ ವಿಷಯ. ಆಳವಾದ ಗುಂಡಿಗಿಂತ, ಬುಡದಲ್ಲಿ ಕಿಂಡಿಗಳಿರುವ ಕಟ್ಟೆ ಅಥವಾ ಬೋಗುಣಿ ಮೇಲು. ಗಾಳಿ ಸಿಗದ ಗುಂಡಿ ಬರೀ ಹೊಗೆಯಾಡುತ್ತದೆ. ಹೊಳೆಯಿಂದ ತಂದ ಕಲ್ಲು ಬೇಡ. ಒಳಗಿನ ತೇವ ಆವಿಯಾಗಿ ಕಲ್ಲು ಸಿಡಿಯಬಹುದು. ಸೌದೆ ಚೆನ್ನಾಗಿ ಒಣಗಿರಲಿ. ಕಟ್ಟೆ ಕಟ್ಟುವ ಮೊದಲು ನಾಲ್ಕಾರು ಸಂಜೆ ಆ ಜಾಗದಲ್ಲಿ ಒಂದು ಊದುಬತ್ತಿ ಹಚ್ಚಿಟ್ಟು, ಹೊಗೆ ಯಾವ ಕಡೆ ಸಾಗುತ್ತದೆ, ಅಲ್ಲಿ ಯಾರ ಮನೆಯ ಕಿಟಕಿ ಇದೆ ಎಂದು ನೋಡಿರಿ.