‘ಫಿಲೆಟ್’ ಅಂದ್ರೆ ಏನು? ಮೂಳೆ ತೆಗೆದ ಮಾಂಸಕ್ಕೆ ದಾರದ ಹೆಸರು ಬಂದಿದ್ದು ಹೇಗೆ?

ಮೆನುವಿನಲ್ಲಿ ‘ಫಿಶ್ ಫಿಲೆಟ್’ ಅಂತಿದ್ದರೆ, ಬೆನ್ನುಮೂಳೆಯ ಪಕ್ಕದಲ್ಲಿ ಉದ್ದಕ್ಕೆ ಕೊಯ್ದು ಬಿಡಿಸಿದ, ಮುಳ್ಳು ತೆಗೆದ ಮೀನಿನ ತುಂಡು ಎಂದರ್ಥ. ಕರಾವಳಿಯಲ್ಲಿ ಅಂಜಲ್ ಮೀನನ್ನು ಅಡ್ಡಡ್ಡ ಕತ್ತರಿಸಿದಾಗ ಸಿಗುವ, ನಡುವೆ ಮೂಳೆ ಇರುವ ತುಂಡು ಫಿಲೆಟ್ ಅಲ್ಲ. ಇಂಗ್ಲಿಷಿನಲ್ಲಿ ಅದು ಸ್ಟೀಕ್. ದನದ ಮಾಂಸದಲ್ಲಾದರೆ, ಸೊಂಟದ ಭಾಗದಲ್ಲಿ ಬೆನ್ನುಮೂಳೆಯ ಒಳಬದಿಗಿರುವ ಮೃದು ಸ್ನಾಯುವೇ ಫಿಲೆಟ್. ನಮ್ಮಲ್ಲಿ ಅದನ್ನೇ ‘ಅಂಡರ್‌ಕಟ್’ ಅಂತಾರೆ. ಆ ಸ್ನಾಯುವಿಗೆ ಕೆಲಸ ಕಡಿಮೆ, ಹಾಗಾಗಿ ಅಷ್ಟು ಮೃದು.

ದಾರದಿಂದ ತಟ್ಟೆಗೆ

ಲ್ಯಾಟಿನ್‌ನಲ್ಲಿ ‘ಫೀಲುಮ್’ ಅಂದರೆ ದಾರ. ಅದು ಫ್ರೆಂಚ್‌ನಲ್ಲಿ ‘ಫಿಲ್’ ಆಯ್ತು. ‘ಫಿಲೆ’ ಅಂದರೆ ಸಣ್ಣ ದಾರ. ಮಧ್ಯಯುಗದಲ್ಲಿ ಇಂಗ್ಲಿಷಿಗೆ ಬಂದಾಗ ಈ ಪದಕ್ಕಿದ್ದ ಮೊದಲ ಅರ್ಥ ತಲೆಗೆ ಕಟ್ಟುವ ಪಟ್ಟಿ. ಮಾಂಸದ ಅರ್ಥ ಸೇರಿಕೊಂಡಿದ್ದು ಆಮೇಲೆ. ಇದಕ್ಕೆ ಎರಡು ವಿವರಣೆಗಳಿವೆ: ಮಾಂಸವನ್ನು ಪಟ್ಟಿಯ ಹಾಗೆ ಉದ್ದಕ್ಕೆ ಕೊಯ್ಯುತ್ತಿದ್ದರು ಅನ್ನೋದು ಒಂದು, ಮೂಳೆ ತೆಗೆದ ಮಾಂಸವನ್ನು ಸುತ್ತಿ ದಾರ ಕಟ್ಟಿ ಬೇಯಿಸುತ್ತಿದ್ದರು ಅನ್ನೋದು ಇನ್ನೊಂದು.

ಬಲ್ಬಿನ ‘ಫಿಲಮೆಂಟ್’ ಕೂಡ ಇದೇ ದಾರದ ಎಳೆ. ಸರ್ಕಾರಿ ಕಚೇರಿಯ ‘ಫೈಲ್’ ಕೂಡ ಅಷ್ಟೇ. ಹಿಂದೆ ಕಾಗದಗಳನ್ನು ದಾರಕ್ಕೋ ತಂತಿಗೋ ಪೋಣಿಸಿ ಇಡುತ್ತಿದ್ದರು.

ಉಚ್ಚಾರಣೆಯಲ್ಲೂ ಎರಡು ಪಕ್ಷ. ಬ್ರಿಟಿಷರು ‘ಫಿಲಿಟ್’ ಅಂತಾರೆ, ಅಮೆರಿಕನ್ನರು ಫ್ರೆಂಚ್ ಧಾಟಿಯಲ್ಲಿ ‘ಫಿಲೇ’ ಅಂತಾರೆ. ಶುಕ್ರವಾರ ಮಾಂಸ ತಿನ್ನದ ಕ್ಯಾಥೋಲಿಕ್ ಗಿರಾಕಿಗಳಿಗಾಗಿ 1962ರಲ್ಲಿ ಸಿನ್ಸಿನಾಟಿಯಲ್ಲಿ ಶುರುವಾದ ಮೆಕ್‌ಡೊನಾಲ್ಡ್ಸ್‌ನ ‘ಫಿಲೇ-ಓ-ಫಿಶ್’ ಈ ಪದವನ್ನು ಜಗತ್ತಿನ ಬೀದಿಬೀದಿಗೂ ತಲುಪಿಸಿತು.

ಪದ ಮುಚ್ಚಿಡುವುದೇನು?

ಫಿಲೆಟ್ ಅನ್ನೋದು ಕೊಯ್ದ ರೀತಿಯ ಹೆಸರು, ಮೀನಿನ ಹೆಸರಲ್ಲ. ತಲೆ, ಚರ್ಮ, ಮುಳ್ಳು ಹೋದ ಮೇಲೆ ಗುರುತು ಹಿಡಿಯೋದು ಕಷ್ಟ. ಮೋಸಕ್ಕೆ ದಾರಿಯಾಗೋದು ಇಲ್ಲೇ. ‘ಓಷಿಯಾನಾ’ ಸಂಸ್ಥೆ 2010ರಿಂದ 2012ರವರೆಗೆ ಅಮೆರಿಕದಲ್ಲಿ 1,215 ಮೀನಿನ ಮಾದರಿಗಳ ಡಿಎನ್‌ಎ ಪರೀಕ್ಷೆ ಮಾಡಿಸಿದಾಗ, ಸುಮಾರು ಮೂರನೇ ಒಂದರಷ್ಟಕ್ಕೆ ತಪ್ಪು ಹೆಸರಿತ್ತು. ‘ಸ್ನ್ಯಾಪರ್’ ಅಂತ ಮಾರಿದ್ದರಲ್ಲಿ ಶೇ. 87ರಷ್ಟು ಬೇರೆ ಮೀನು!

ಮಾರುಕಟ್ಟೆಯಲ್ಲಿ ಇಡೀ ಮೀನು ಕೊಳ್ಳುವವರು ಕಣ್ಣು, ಕಿವಿರು ನೋಡಿ ತಾಜಾತನ ಅಳೆಯುತ್ತಾರೆ. ಪ್ಯಾಕೆಟ್‌ನ ಫಿಲೆಟ್ ಕೊಳ್ಳುವವರಿಗೆ ಆಧಾರ ಲೇಬಲ್ ಮಾತ್ರ. ಹಾಗಾಗಿ ಯಾವ ಮೀನು, ಎಲ್ಲಿಯದು ಅನ್ನೋದನ್ನು ಲೇಬಲ್ ಹೇಳಲೇಬೇಕು. ಕೇಳೋದು ಗ್ರಾಹಕರ ಹಕ್ಕು.