ಸಿಲಿಂಡರಿನ ಹೆಗಲ ಮೇಲೆ ಬರೆದ ಚರಿತ್ರೆ

ಅಡುಗೆ ಗ್ಯಾಸಿನ ಸಿಲಿಂಡರಿನ ಮೇಲೆ 'ಬಿ-28' ಅಂತೇನೋ ಬರೆದಿರುತ್ತದಲ್ಲ, ಅದನ್ನು ಓದುವ ಚಟ ನನಗೆ ಮುಂಬಯಿಗೆ ಬಂದ ಮೇಲೆ ಹತ್ತಿದ್ದು. 2028ರ ಜೂನ್ ಮುಗಿಯುವುದರೊಳಗೆ ಮರುಪರೀಕ್ಷೆ ಆಗಬೇಕು ಅಂತ ಅದರ ಅರ್ಥ. ಸಮುದ್ರದಲ್ಲಿ ಮುಳುಗುವವರು ಬೆನ್ನಿಗೆ ಕಟ್ಟಿಕೊಳ್ಳುವ ಸ್ಕೂಬಾ ಸಿಲಿಂಡರಿಗೂ ಇಂಥದೇ ಬರಹವಿದೆ. ಅಮೆರಿಕದ ಹಳೆಯ ಅಲ್ಯೂಮಿನಿಯಂ ಸಿಲಿಂಡರುಗಳ ಮಟ್ಟಿಗಂತೂ ಅದನ್ನು ಓದಲು ಬರುವುದು ಜೀವದ ಪ್ರಶ್ನೆ.

ಉಕ್ಕಿನ ಸಿಲಿಂಡರು ಒಳಗೇ ತುಕ್ಕು ಹಿಡಿಯುತ್ತಿತ್ತು. ಹಾಗಾಗಿ 1970ರ ದಶಕದಲ್ಲಿ ಅಲ್ಯೂಮಿನಿಯಂ ಬಂದಾಗ ಜನ ಖುಷಿಪಟ್ಟರು. ಚದರ ಅಂಗುಲಕ್ಕೆ 3000 ಪೌಂಡ್ ಒತ್ತಡದ, '80 ಘನ ಅಡಿ' ಎಂದು ಕರೆಯುವ ಸಿಲಿಂಡರು ಮನೆಮಾತಾಯಿತು. ಲಕ್ಸ್‌ಫರ್ ಕಂಪನಿ ಇವನ್ನು 6351 ಎಂಬ ಮಿಶ್ರಲೋಹದಲ್ಲಿ ಮಾಡುತ್ತಿತ್ತು.

ತೊಂದರೆ ಗೊತ್ತಾದದ್ದು ಆಮೇಲೆ. ಈ ಲೋಹ ವರ್ಷಗಟ್ಟಲೆ ಒತ್ತಡ ಹೊತ್ತು ನಿಂತರೆ ಸಾಕು, ಏಟು ಬೀಳದಿದ್ದರೂ ಕತ್ತಿನ ಒಳಗಿನ ಥ್ರೆಡ್ಡಿನ ಹತ್ತಿರ ಬಿರುಕು ಹುಟ್ಟಿ ನಿಧಾನವಾಗಿ ಬೆಳೆಯಬಹುದು. ಹೆಚ್ಚಿನವು ಸುಮ್ಮನೆ ಸೋರಿದವು. ಕೆಲವು ಸಿಡಿದು ಜನ ಗಾಯಗೊಂಡರು. ಅಮೆರಿಕದ ಸಾರಿಗೆ ಇಲಾಖೆ 1994ರಲ್ಲಿ ಎಚ್ಚರಿಕೆ ಕೊಟ್ಟಿತು. 2006ರಲ್ಲಿ ಹೊಸ ನಿಯಮ ತಂದು, ಇವುಗಳಿಗೆ ಐದು ವರ್ಷಕ್ಕೊಮ್ಮೆಯ ಮರುಪರೀಕ್ಷೆಯ ಜೊತೆಗೆ ಎಡ್ಡಿ ಕರೆಂಟ್ ಎಂಬ ವಿದ್ಯುತ್ ಪರೀಕ್ಷೆಯನ್ನೂ ಕಡ್ಡಾಯ ಮಾಡಿತು.

ಗುರುತಿಸುವುದು ಹೇಗೆ? ಲೋಹದ ಹೆಸರು ಸಿಲಿಂಡರಿನ ಮೇಲೆ ಸಿಗುವುದಿಲ್ಲ. ಹೆಗಲ ಮೇಲೆ ಒತ್ತಿರುವ ತಯಾರಕರ ಹೆಸರನ್ನೂ ಎಲ್ಲಕ್ಕಿಂತ ಹಳೆಯ ತಾರೀಖನ್ನೂ ನೋಡಬೇಕು. ಲಕ್ಸ್‌ಫರ್ 1988ರ ಮಧ್ಯದ ಹೊತ್ತಿಗೆ 6061 ಲೋಹಕ್ಕೆ ಬದಲಾಯಿತು. ಅದಕ್ಕಿಂತ ಹಿಂದಿನದಾದರೆ ಅನುಮಾನಿಸಿ. '3ಎಎಲ್' ಎಂಬ ಗುರುತು ಬಂದದ್ದು 1982ರಲ್ಲಿ. ಆದರೆ ಅದಕ್ಕೂ ಹಿಂದಿನವುಗಳ ಮೇಲೂ ಮರುಪರೀಕ್ಷೆಯ ಹೊತ್ತಿನಲ್ಲಿ ಆ ಗುರುತು ಒತ್ತಿದ್ದುಂಟು. ಹಾಗಾಗಿ ಅದೊಂದನ್ನೇ ನಂಬುವಂತಿಲ್ಲ.

ನೀರು ತುಂಬಿಸಿ 5000 ಪೌಂಡ್ ಒತ್ತಡ ಹಾಕುವ ಪರೀಕ್ಷೆ ಪಾಸಾಗಿದೆಯಲ್ಲ ಅನ್ನಬಹುದು. ಅದು ಅಳೆಯುವುದು ಇಡೀ ಸಿಲಿಂಡರು ಎಷ್ಟು ಹಿಗ್ಗಿತು ಅನ್ನುವುದನ್ನು. ಕತ್ತಿನ ಕೂದಲೆಳೆ ಬಿರುಕು ಅದಕ್ಕೆ ಕಾಣದೇ ಹೋಗಬಹುದು. ವಾಲ್ವು ಬಿಚ್ಚಿ, ದೀಪ, ಕನ್ನಡಿ ಹಿಡಿದು ಪ್ರತಿ ವರ್ಷ ತಿಳಿದವರು ನೋಡಲೇಬೇಕು. ಹೊಸ ಬಣ್ಣ ಹಚ್ಚಿ ಒಲೆಯಲ್ಲಿ ಬೇಯಿಸುವುದಂತೂ ಬೇಡ, ಹೆಚ್ಚು ಶಾಖಕ್ಕೆ ಅಲ್ಯೂಮಿನಿಯಂ ಬಲ ಕಳೆದುಕೊಳ್ಳುತ್ತದೆ.

ಆ ಕಾಲದ್ದೆಲ್ಲ ಸಿಡಿಯುತ್ತದೆ ಅಂತ ನಾನು ಹೇಳುತ್ತಿಲ್ಲ, ಬಿರುಕು ಬಿಟ್ಟವು ಸಣ್ಣ ಪಾಲು. ಪರೀಕ್ಷೆ ಪಾಸಾದದ್ದನ್ನೂ ತುಂಬಿಕೊಡಲು ಎಷ್ಟೋ ಅಂಗಡಿಯವರು ಒಪ್ಪುವುದಿಲ್ಲ. ಅವರನ್ನು ಬೈಯಲು ನನಗೆ ಮನಸ್ಸಿಲ್ಲ. ಇವು ಸಿಡಿದದ್ದು ಹೆಚ್ಚಾಗಿ ನೀರಿನಡಿಯಲ್ಲಲ್ಲ, ಗಾಳಿ ತುಂಬುವಾಗ. ಆ ಹೊತ್ತಿನಲ್ಲಿ ಪಕ್ಕದಲ್ಲಿ ನಿಂತಿರುವುದು ಸಿಲಿಂಡರಿನ ಮಾಲೀಕನಲ್ಲ, ತುಂಬುವ ಕೆಲಸದವನು.